ಓದಿದ್ದು ಯಾರಿಗಾಗಿ?

ಆಲ್ಕಾಪುರಿಯಲ್ಲಿ ಈಚೆಗೆ ಒಂದು ಸಂಜೆ ಕನ್ನಡದ ಕಥೆಗಾರರೂ ಕವಿಗಳೂ ತಮ್ಮ ರಚನೆಗಳನ್ನು ಓದಿದರು. ಪ್ರವೇಶ ಉಚಿತ, ಸರ್ವರಿಗೂ ಸ್ವಾಗತ. ಮೊದಲಿಗೆ ಕುರ್ಚಿಗಳೆಲ್ಲ ತುಂಬಿದ್ದುವು. ಮುಗಿಯುವ ಹೊತ್ತಿಗೆ ಅರ್ಧ ಖಾಲಿ. ತಪ್ಪು ಕೇಳುಗರದೆನ್ನಲು ನಮ್ಮ ಮನಸ್ಸೊಪ್ಪದು.

ಕವಿಗಳು ಸಭೆಯನ್ನು ಹಿಡಿದಿಟ್ಟರು. ಕಥೆಗಾರರಿಗೆ ಅದು ಸಾಧ್ಯವಾಗಲಿಲ್ಲ. ಕವಿತೆಯಲ್ಲಿ ಪಲ್ಲವಿ ಮರಳಿ ಬರುತ್ತದೆ, ಪ್ರಾಸ ನೆನಪಿಗೆ ಆಸರೆಯಾಗುತ್ತದೆ. ಕಥೆಯ ವಾಕ್ಯ ಒಮ್ಮೆ ಹೋದರೆ ಹೋಯಿತು. ಪುಟ ಹಿಂದಕ್ಕೆ ತಿರುವಲು ಕೇಳುಗನ ಕೈಯಲ್ಲಿ ಪುಸ್ತಕವಿಲ್ಲ. ಆದರೂ ಕಥೆಗಾರರು ಅಚ್ಚಿಗೆಂದು ಬರೆದುದನ್ನೇ ಹಾಳೆಯಿಂದ ತಲೆಯೆತ್ತದೆ ಓದಿದರು. ಒಬ್ಬರು ಮಾತ್ರ ಸಂಭಾಷಣೆ ಹೆಚ್ಚಿದ್ದ ಒಂದೇ ಪ್ರಸಂಗವನ್ನು ಆರಿಸಿ, ನಿಲ್ಲಿಸಿ ನಿಲ್ಲಿಸಿ ಓದಿದರು. ಸಭೆ ನಕ್ಕಿತು, ಕೊನೆಯಲ್ಲಿ ಮೌನವಾಯಿತು.

ಕೇಳುವ ಕಥೆ ನಮಗೆ ಹೊಸದಲ್ಲ. ಅಕ್ಷರ ಬಾರದವರೂ ಗಮಕಿಗಳ ಬಾಯಿಂದ ಕುಮಾರವ್ಯಾಸನ ಭಾರತವನ್ನು ಬಲ್ಲವರಾದರು. ಇದೇ ವಡೋದರದ 17ನೆಯ ಶತಮಾನದ ಕವಿ ಪ್ರೇಮಾನಂದನ ಆಖ್ಯಾನಗಳೂ ಜನ ಕೂತು ಕೇಳುವುದಕ್ಕೆಂದೇ ಹುಟ್ಟಿದವು. ಮಾಣಭಟ್ಟರು ಉಂಗುರದ ಬೆರಳಿಂದ ತಾಮ್ರದ ಕೊಡ ಬಾರಿಸುತ್ತ ಅವನ್ನು ಹೇಳುತ್ತಿದ್ದರು.

ನಮ್ಮ ಮಕ್ಕಳು ಇಲ್ಲಿ ಗುಜರಾತಿಯನ್ನೋ ಇಂಗ್ಲಿಷನ್ನೋ ಓದಿ ಬೆಳೆಯುತ್ತಾರೆ. ಮನೆಮಾತು ತಿಳಿಯುತ್ತದೆ, ಲಿಪಿ ತಿಳಿಯದು. ಅಂಥವರಿಗೆ ನಮ್ಮ ಸಾಹಿತ್ಯ ದಕ್ಕುವುದು ಇಂಥ ಸಂಜೆಗಳಲ್ಲೇ. ಆದುದರಿಂದ ಮುಂದಿನ ಸಲ ಕಥೆಗಾರರು ಹತ್ತು ನಿಮಿಷದ ಒಂದು ಪ್ರಸಂಗವನ್ನಾರಿಸಿ, ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿಕೊಂಡು ಬರಲಿ. ಮೊದಲ ಸಾಲಿನಲ್ಲಿ ಮಕ್ಕಳನ್ನು ಕೂರಿಸೋಣ. ಅವರಿಗೆ ತಿಳಿದರೆ ಓದಿದ್ದು ಸಾರ್ಥಕವೆಂದು ನಮ್ಮ ಭಾವನೆ.