ಬಹುಮಾನ ಬಾರದ ಭಾಷಣ

ಡಿಸೆಂಬರ್ 29 ಕುವೆಂಪು ಅವರ ಜನ್ಮದಿನ. 2015ರಿಂದ ನಮ್ಮ ರಾಜ್ಯ ಸರ್ಕಾರ ಅದನ್ನು ವಿಶ್ವಮಾನವ ದಿನವೆಂದು ಆಚರಿಸುತ್ತ ಬಂದಿದೆ. ಶಾಲೆಗಳಲ್ಲಿ ಆ ದಿನದ ಹಿಂದೆಮುಂದೆ ಭಾಷಣ ಸ್ಪರ್ಧೆಗಳು ತಪ್ಪಿದ್ದಲ್ಲ. ಕೆಲವು ವರ್ಷಗಳ ಹಿಂದೆ ಬಂಗಾರಪೇಟೆಯ ಒಂದು ಶಾಲೆಯಲ್ಲಿ ಇಂಥದೇ ಸ್ಪರ್ಧೆಗೆ ನನ್ನನ್ನು ತೀರ್ಪುಗಾರಳಾಗಿ ಕರೆದಿದ್ದರು. ಹದಿನಾಲ್ಕು ಮಕ್ಕಳು, ತಲೆಗೆ ನಾಲ್ಕು ನಿಮಿಷ. ವಿಷಯ: ವಿಶ್ವಮಾನವ ಸಂದೇಶ ಮತ್ತು ಇಂದಿನ ವಿದ್ಯಾರ್ಥಿಗಳು.

ಹತ್ತನೆಯ ಮಗು ಮುಗಿಸುವಷ್ಟರಲ್ಲಿ ನನಗೆ ಆಕಳಿಕೆ ತಡೆಯುವುದೇ ಕಷ್ಟವಾಗಿತ್ತು. ಮಕ್ಕಳ ತಪ್ಪಲ್ಲ ಅದು. ಎಲ್ಲರೂ ಅಮೆರಿಕದಿಂದ ಜಪಾನಿನವರೆಗೆ ಒಂದು ಸುತ್ತು ಹಾಕಿ, ಹಿರೋಶಿಮಾದ ಮೇಲೆ ಬಿದ್ದ ಬಾಂಬನ್ನು ನೆನೆದು, ಗಿಡ ನೆಡೋಣ, ಪ್ಲಾಸ್ಟಿಕ್ ಬಿಡೋಣ ಎಂದು ಕೈಮುಗಿದು ಇಳಿಯುತ್ತಿದ್ದರು. ಬರೆದುಕೊಟ್ಟವರು ನಮ್ಮಂಥ ಟೀಚರುಗಳೇ ಎಂಬುದು ವಾಕ್ಯಗಳಿಂದಲೇ ಗೊತ್ತಾಗುತ್ತಿತ್ತು.

ಹನ್ನೊಂದನೆಯವಳು ಮಾರಿಕುಪ್ಪಂ ಕಡೆಯ ಹುಡುಗಿ. ಗಣಿ ಕಾರ್ಮಿಕರಿಗೆಂದು ಕಟ್ಟಿದ ಲೈನ್ ಮನೆಗಳಲ್ಲೊಂದರಲ್ಲಿ ವಾಸ, ಮನೆಮಾತು ತಮಿಳು. ಎರಡು ನಿಮಿಷ ಬಾಯಿಪಾಠ ಒಪ್ಪಿಸಿದಳು. ಆಮೇಲೆ ಮರೆತುಹೋಯಿತು. ಸುಮ್ಮನೆ ನಿಂತು, ಸೆರಗಿನಂತೆ ದುಪಟ್ಟಾದ ಅಂಚನ್ನು ತಿರುಚುತ್ತ ತನ್ನದೇ ಮಾತಿನಲ್ಲಿ ಹೇಳಿದಳು: "ವಿಶ್ವಮಾನವ ಅಂದ್ರೆ ಯಾರು ಅಂತ ನಮ್ಮ ಪಾಟೀನ ಕೇಳ್ದೆ. ಗೊತ್ತಿಲ್ಲ ಅಂದ್ರು. ನಮ್ಮ ತಾತ ಮೈನಿಂದ ತೆಗ್ದ ಚಿನ್ನ ಪ್ರಪಂಚಕ್ಕೆಲ್ಲಾ ಹೋಯ್ತು, ದೂಳು ಮಾತ್ರ ನಮ್ಮನೇಲೇ ಇದೆ ಅಂದ್ರು. ಚಿನ್ನ ವಿಶ್ವದ್ದಾದ್ರೆ ದೂಳೂ ವಿಶ್ವದ್ದೇ ಅಲ್ವಾ ಮಿಸ್?"

ಮಕ್ಕಳು ನಕ್ಕರು. ಗಂಟೆ ಬಾರಿಸಿತು. ನನ್ನ ಮುಂದಿದ್ದ ಹಾಳೆಯಲ್ಲಿ ವಿಷಯ ಮಂಡನೆ, ಉಚ್ಚಾರಣೆ, ಹಾವಭಾವ, ಸಮಯ ಪಾಲನೆ ಎಂದು ನಾಲ್ಕು ಕಾಲಮ್ಮುಗಳಿದ್ದವು. ನಾನು ಮೊದಲನೆಯ ಕಾಲಮ್ಮಿನಲ್ಲಿ 'ವಿಷಯಾಂತರ' ಎಂದು ಬರೆದು ಅಂಕ ಕಳೆದೆ. ಆ ಮಗುವಿಗೆ ಸಮಾಧಾನಕರ ಬಹುಮಾನವೂ ಬರಲಿಲ್ಲ.

ಆ ಸಂಜೆಯಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಒಂದೇ. ವಿಷಯ ಬಿಟ್ಟು ಹೋದವಳು ಅವಳೋ, ಮಿಕ್ಕ ಹದಿಮೂರು ಮಕ್ಕಳೋ? ಈ ಲೇಖನ ನಾನು ಹಾಕಿದ ಆ ಅಂಕಗಳ ಮರುಮೌಲ್ಯಮಾಪನ ಅಂದುಕೊಳ್ಳಿ.

ಕುವೆಂಪು ಹೇಳಿದ್ದನ್ನು ಮೊದಲು ನೆನೆಯಬೇಕು. ಹುಟ್ಟುವ ಮಗು ವಿಶ್ವಮಾನವನಾಗಿಯೇ ಹುಟ್ಟುತ್ತದೆ, ಜಾತಿ, ಮತ, ದೇಶ, ಭಾಷೆಗಳ ಕಟ್ಟು ಹಾಕಿ ನಾವು ಅದನ್ನು ಅಲ್ಪಮಾನವನನ್ನಾಗಿ ಮಾಡುತ್ತೇವೆ, ಅದನ್ನು ಮತ್ತೆ ಬಿಡಿಸುವುದು ವಿದ್ಯೆಯ ಕೆಲಸ ಎಂಬುದು ಅವರ ಮಾತಿನ ತಾತ್ಪರ್ಯ. ಇದರಲ್ಲಿ ದೂರದೇಶದ ಸುದ್ದಿಯೇ ಇಲ್ಲ. ಕಟ್ಟು ಹಾಕುವವರು ಮನೆಯವರು, ಬೀದಿಯವರು, ಶಾಲೆಯವರು. ನಮ್ಮ ಭಾಷಣಗಳಲ್ಲಾದರೋ ಕಟ್ಟು ಹಾಕಿದವರು ಯಾವಾಗಲೂ ಬೇರೆ ಯಾರೋ.

ಮೇಲಿನಿಂದ ಬರುವ ಮಾತುಗಳೂ ಒಳ್ಳೆಯವೇ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಗುರಿಗಳಲ್ಲಿ, 2030ರ ಹೊತ್ತಿಗೆ ಎಲ್ಲ ವಿದ್ಯಾರ್ಥಿಗಳಿಗೂ ಶಾಂತಿ, ಜಾಗತಿಕ ಪೌರತ್ವ, ಸುಸ್ಥಿರ ಬದುಕಿನ ತಿಳಿವಳಿಕೆ ಸಿಗಬೇಕೆಂಬುದೂ ಒಂದು. ಯುನೆಸ್ಕೊ 1974ರಲ್ಲಿ ಹೊರಡಿಸಿದ್ದ ಶಿಫಾರಸನ್ನು 2023ರ ನವೆಂಬರಿನಲ್ಲಿ ಹೊಸದಾಗಿ ಬರೆದು ಇದನ್ನೇ ಇನ್ನಷ್ಟು ಬಿಡಿಸಿ ಹೇಳಿತು. ನಮ್ಮಲ್ಲಿಯೂ ಪರಿಸರದ ಪಾಠ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿಯೇ ಹೇಳಿದೆ. ಆದರೆ ಈ ಮಾತುಗಳೆಲ್ಲ ಮೆಟ್ಟಿಲಿಳಿದು ತರಗತಿಗೆ ಬರುವ ಹೊತ್ತಿಗೆ ಒಂದು ಸುತ್ತೋಲೆ, ಒಂದು ದಿನಾಚರಣೆ, ಒಂದು ಗಿಡ, ಒಂದು ಫೋಟೋ ಆಗಿಬಿಟ್ಟಿರುತ್ತವೆ. ಇದು ನನ್ನ ಮೊದಲ ಆಕ್ಷೇಪ.

ಎರಡನೆಯದು, ಜಗತ್ತು ಎಂದರೆ ದೂರದ್ದು ಎಂದು ನಾವು ಕಲಿಸುತ್ತೇವೆ. ಕೋಲಾರ ಚಿನ್ನದ ಗಣಿಯ ಮಕ್ಕಳಿಗೆ ಹೀಗೆ ಕಲಿಸುವುದು ಎಂಥ ವಿಪರ್ಯಾಸ! 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂತು. ಉತ್ತರ ಆರ್ಕಾಟಿನಿಂದ ತಮಿಳು ದಲಿತ ಕುಟುಂಬಗಳು ಬಂದವು, ಚಿತ್ತೂರಿನ ಕಡೆಯಿಂದ ತೆಲುಗರು ಬಂದರು, ಆಂಗ್ಲೋ ಇಂಡಿಯನ್ನರು, ಉರ್ದು ಮಾತಾಡುವವರು ಬಂದರು. ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ನಮ್ಮ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ 1894ರಲ್ಲಿ ರೈಲು ಓಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು ತೊಂಬತ್ತು ಮೈಲಿ ತಂತಿಯ ಮೇಲೆ ಹರಿದು ಬಂದು ಗಣಿಯ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿಗೆ ಬೀದಿದೀಪ ಬಂದದ್ದು ಆಮೇಲೆ, 1905ರಲ್ಲಿ. ಆ ತಂತಿಯ ಕೆಳಗಿದ್ದ ಹಳ್ಳಿಗಳ ಜನ ಕತ್ತಲೆಯಲ್ಲೇ ಕೂತು ಅದನ್ನು ನೋಡಿದರು. ಯಾರ ನೀರು, ಯಾರ ಬೆಳಕು, ಯಾರ ಚಿನ್ನ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಇನ್ನೊಂದನ್ನೂ ನಮ್ಮ ಮಕ್ಕಳು ಕೇಳಿಲ್ಲ. ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹ್ಯಾಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಸೇರಿ 1965ರಲ್ಲಿ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣದ ಗುರುತನ್ನು ಹಿಡಿದರು. ಆಕಾಶದಿಂದ ಬೀಳುವ ಬೇರೆ ಕಣಗಳನ್ನೆಲ್ಲ ಮೇಲಿನ ಬಂಡೆ ತಡೆಯುತ್ತದೆ, ನ್ಯೂಟ್ರಿನೊ ಮಾತ್ರ ತೂರಿ ಬರುತ್ತದೆ, ಅದಕ್ಕೇ ಅಷ್ಟು ಆಳ. ಜಪಾನು, ಇಂಗ್ಲೆಂಡು ಒಂದನ್ನೊಂದು ಕೊಂದ ಯುದ್ಧ ಮುಗಿದು ಆಗ ಇಪ್ಪತ್ತೇ ವರ್ಷ. ಆ ಎರಡೂ ದೇಶದವರು ನಮ್ಮ ಗಣಿಯ ಕಾರ್ಮಿಕರ ಜೊತೆ ಒಂದೇ ಪಂಜರದಲ್ಲಿ ಕೆಳಗಿಳಿದರು. ಹಿರೋಶಿಮಾದ ಮಾತಾಡುವ ಮಗುವಿಗೆ ಈ ಮಾತನ್ನೂ ಹೇಳಿಕೊಟ್ಟಿದ್ದರೆ ಭಾಷಣಕ್ಕೆ ಜೀವ ಬರುತ್ತಿತ್ತು.

ಈಗ ಮಕ್ಕಳಿಗೆ ಗೊತ್ತಿರುವ ಕೆ.ಜಿ.ಎಫ್. ಸಿನಿಮಾದ್ದು. 2018ರಲ್ಲಿ ಮೊದಲ ಭಾಗ, 2022ರಲ್ಲಿ ಎರಡನೆಯ ಭಾಗ ಬಂತು. ಕನ್ನಡದ ಚಿತ್ರವೊಂದು ದೇಶವನ್ನೆಲ್ಲ ಗೆದ್ದಿತೆಂದು ನನಗೂ ಹೆಮ್ಮೆಯೇ. ಸಿನಿಮಾ ಕಟ್ಟುಕತೆ, ಅದಕ್ಕೆ ಚರಿತ್ರೆ ಬರೆಯುವ ಹಂಗಿಲ್ಲ, ಒಪ್ಪಿದೆ. ಆದರೆ ಅಲ್ಲಿನ ಗಣಿಯ ಜನ ಸದ್ದಿಲ್ಲದ ಗುಲಾಮರು, ಬಿಡಿಸಲು ಬಂದೂಕು ಹಿಡಿದ ಒಬ್ಬ ನಾಯಕ ಬರಬೇಕು. ನಿಜವಾದ ಗಣಿಯ ಜನ ತಾವೇ ಸಂಘ ಕಟ್ಟಿದವರು. ಬೆರಳಚ್ಚು ಕೊಡುವುದಿಲ್ಲವೆಂದು 1930ರಲ್ಲಿಯೇ ಮುಷ್ಕರ ಹೂಡಿದವರು. ಜಾತಿಯ ಅವಮಾನ ಸಾಕೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮಾರಿಕುಪ್ಪಂ, ಚಾಂಪಿಯನ್ ರೀಫುಗಳಲ್ಲಿ ಬುದ್ಧನ ಹಾದಿ ಹಿಡಿದವರು. ಆ ತಾತಂದಿರ ಮೊಮ್ಮಕ್ಕಳು ಇಂದು ನಾಯಕನ ಗಡ್ಡವನ್ನು ಅನುಕರಿಸುತ್ತಾರೆ. ಅವರಿಗೆ ಬೇರೆ ಚಿತ್ರ ಕೊಡದ ನಮಗೆ ಸಿನಿಮಾದವರನ್ನು ಬೈಯುವ ಹಕ್ಕು ಎಷ್ಟಿದೆ?

ಮೂರನೆಯ ಆಕ್ಷೇಪ ಶಾಂತಿಯ ಪಾಠದ ಬಗ್ಗೆ, ಅದು ನನ್ನ ಮೇಲೆಯೇ. ನಮ್ಮ ತರಗತಿಗಳಲ್ಲಿ ಶಾಂತಿ ಎಂದರೆ ಸದ್ದು ಮಾಡದಿರುವುದು. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಬೆನ್ನಿಗೆ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಲ್ಲೆಗಳಾದಾಗ ನಾನು ಕಾಲೇಜು ಹುಡುಗಿ. ನಮ್ಮ ರೈಲಿನಲ್ಲಿ ದಿನಾ ತಮಿಳಿನಲ್ಲಿ ಹರಟುತ್ತಿದ್ದವರು ಬಾಯಿ ಹೊಲಿದುಕೊಂಡು ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಯಾವ ಕಾವೇರಿಯ ವಿದ್ಯುತ್ತಿನಿಂದ ಅವರ ಅಜ್ಜಂದಿರು ಪಾತಾಳಕ್ಕಿಳಿದು ಈ ನಾಡಿನ ಚಿನ್ನ ತೆಗೆದರೋ, ಅದೇ ಕಾವೇರಿಯ ಹೆಸರಿನಲ್ಲಿ ಅವರಿಗೆ ಏಟು. ಇಷ್ಟನ್ನು ಕಂಡ ನಾನು ಮುಂದೆ ಬಿ.ಎಡ್. ಮುಗಿಸಿ ಟೀಚರಾದಾಗ ಏನು ಮಾಡಿದೆ ಗೊತ್ತೆ? ನನ್ನ ತರಗತಿಯಲ್ಲಿ ತಮಿಳು ಮಾತಾಡಿದವರಿಗೆ ಎಂಟಾಣೆ ದಂಡ ಹಾಕಿದೆ. ಕನ್ನಡ ಕಲಿಯಲಿ ಎಂಬ ಸದುದ್ದೇಶವೇ. ಆದರೆ ತಿಂಗಳ ಕೊನೆಗೆ ಮಕ್ಕಳು ಕಲಿತದ್ದು ಕನ್ನಡವನ್ನಲ್ಲ, ನನ್ನೆದುರು ಬಾಯಿ ಬಿಡದಿರುವುದನ್ನು. ಒಬ್ಬ ತಾಯಿ ಬಂದು, "ಟೀಚರಮ್ಮಾ, ಮನೇಲಿ ನನ್ನ ಹತ್ರಾನೂ ಮಾತಾಡೋದು ಕಮ್ಮಿ ಮಾಡವನೆ" ಎಂದಾಗ ದಂಡದ ಡಬ್ಬಿಯನ್ನು ಮೂಲೆಗಿಟ್ಟೆ. ಕನ್ನಡ ನಾಡಿನಲ್ಲಿ ಕನ್ನಡ ಕಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾಯಿಯ ಮಾತಿಗೆ ಬೆಲೆ ಕಟ್ಟಿ ದಂಡ ವಸೂಲು ಮಾಡಿದ ತರಗತಿಯಲ್ಲಿ ವಿಶ್ವಮಾನವ ಪದ್ಯವನ್ನು ರಾಗವಾಗಿ ಹಾಡಿಸಿದವಳೂ ನಾನೇ.

ಕೊನೆಗೆ ದೂಳಿನ ಪ್ರಶ್ನೆ. ಅದಿರನ್ನು ಹಿಟ್ಟಿನಂತೆ ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣನ್ನು ನೂರಿಪ್ಪತ್ತು ವರ್ಷ ಊರ ನಡುವೆಯೇ ಸುರಿದರು. ಈ ಅವಧಿಯಲ್ಲಿ ತೆಗೆದ ಚಿನ್ನ 800 ಟನ್ನಿಗೂ ಹೆಚ್ಚು. ಉಳಿದದ್ದು 13 ದಿಬ್ಬಗಳು, ಸುಮಾರು 3 ಕೋಟಿ 30 ಲಕ್ಷ ಟನ್ ಮಣ್ಣು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಮೂರು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಗಂಡಸರು, ಹೆಂಗಸರು ಬೆಳಗಿನ ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು. ದಿಬ್ಬಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ಆಷಾಢದ ಗಾಳಿ ಎದ್ದರೆ ಅಲ್ಲಿನ ಹೆಂಗಸರು ಕಿಟಕಿಗೆ ಒದ್ದೆ ಬಟ್ಟೆ ಕಟ್ಟುತ್ತಾರೆ, ಅನ್ನದ ಪಾತ್ರೆಯ ಮೇಲೆ ಎರಡು ಮುಚ್ಚಳ ಇಡುತ್ತಾರೆ, ಒಗೆದ ಬಟ್ಟೆಯನ್ನು ಒಳಗೇ ಒಣಗಿಸುತ್ತಾರೆ. ಸೈನೈಡಿನ ವಿಷ ಬಿಸಿಲಿಗೆ ಕಾಲಕ್ರಮೇಣ ಕಡಿಮೆಯಾಗುತ್ತದೆ. ಆದರೆ ನುಣ್ಣನೆಯ ಸಿಲಿಕಾ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದೇ. ಗಣಿಯೊಳಗಿದ್ದವರ ಎದೆಯನ್ನು ಹಿಂಡಿದ ಸಿಲಿಕೋಸಿಸ್ ಕಾಯಿಲೆಗೂ ಅಂಥದೇ ದೂಳು ಕಾರಣ.

2024ರ ಜೂನ್‌ನಲ್ಲಿ ಈ ದಿಬ್ಬಗಳ ಸಾವಿರ ಎಕರೆಯಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಆ ಮಣ್ಣನ್ನು ಅಗೆಯುವಾಗ ಏಳುವ ದೂಳು ಯಾರ ಮನೆಗೆ ಹೋಗುತ್ತದೆ, ಹೊಸ ಚಿನ್ನದಲ್ಲಿ ಆ ಮನೆಗಳಿಗೆ ಪಾಲೇನು? ಸುಸ್ಥಿರ ಅಭಿವೃದ್ಧಿಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡುವ ಮಗು ಕೇಳಬೇಕಾದ ಪ್ರಶ್ನೆ ಇದು. ಆ ಹುಡುಗಿ ಕೇಳಿದ್ದೂ ಇದನ್ನೇ. ಪ್ರಪಂಚವನ್ನು ಅವಳು ತನ್ನ ಪಾಟಿಯ ಅಡುಗೆಮನೆಯಿಂದ ನೋಡಿದಳು. ನನ್ನ ನಾಲ್ಕು ಕಾಲಮ್ಮುಗಳಲ್ಲಿ ಅದಕ್ಕೆ ಜಾಗವಿರಲಿಲ್ಲ.

ನಮ್ಮ ಕಡೆಯ ಅನೇಕ ಟೀಚರುಗಳು ಹೇಳಬಹುದು: ಪಠ್ಯ ಮುಗಿಸುವುದೇ ಕಷ್ಟ, ಇದಕ್ಕೆಲ್ಲ ಸಮಯವೆಲ್ಲಿ? ಇದು ಸುಳ್ಳಲ್ಲ. ದಿಬ್ಬದ ಬಗ್ಗೆ ಪ್ರಶ್ನೆ ಕೇಳುವ ಮಗು ನಾಳೆ ನಮ್ಮನ್ನೂ ಕೇಳುತ್ತದೆ ಎಂಬ ಅಳುಕೂ ಇದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ನನಗೂ ಇತ್ತು.

ಕಳೆದ ಸಲ ತೀರ್ಪಿಗೆ ಕರೆದಾಗ ಒಂದು ಷರತ್ತು ಹಾಕಿ ಹೋದೆ. ಭಾಷಣದ ಕೊನೆಯ ಒಂದು ನಿಮಿಷ ಬರೆದುಕೊಟ್ಟದ್ದನ್ನು ಬಿಟ್ಟು, ತನ್ನ ಮನೆಗೆ ಪ್ರಪಂಚ ಯಾವ ದಾರಿಯಿಂದ ಬಂತು ಎಂದು ಮಗು ತನ್ನ ಮಾತಿನಲ್ಲಿ ಹೇಳಬೇಕು. ಸಂಘಟಕರು ಗೊಣಗಿದರೂ ಒಪ್ಪಿದರು. ಅರ್ಧ ಮಕ್ಕಳು ತಡವರಿಸಿದರು. ಒಬ್ಬ ಹುಡುಗ ಬೇತಮಂಗಲದ ಕೆರೆ, ಪಾಲಾರ್ ನದಿ, ಅದು ಆಂಧ್ರ ದಾಟಿ ತಮಿಳುನಾಡಿಗೆ ಹೋಗುವುದನ್ನು ಹೇಳಿ, "ನಾವು ಕೆಡಿಸಿದ ನೀರು ಅಲ್ಲಿಯವರಿಗೆ ಹೋಗುತ್ತೆ, ಅವರು ನಮ್ಮ ಮಾವನ ಮನೆಯವರು" ಎಂದ. ಎಲ್ಲರೂ ನಕ್ಕರು. ಈ ಸಲ ನಾನು ಅಂಕ ಕಳೆಯಲಿಲ್ಲ.

ಆ ಹುಡುಗಿಯ ಪ್ರಶ್ನೆಗೆ ನನ್ನ ಬಳಿ ಇಂದಿಗೂ ಉತ್ತರವಿಲ್ಲ. ಅವಳು ಈಗ ಎಲ್ಲಿ ಓದುತ್ತಿದ್ದಾಳೋ, ಯಾವ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಳೋ ತಿಳಿಯದು. ಸಿಕ್ಕಿದರೆ ಹೇಳಬೇಕಾದದ್ದು ಒಂದಿದೆ: ವಿಷಯಾಂತರ ಮಾಡಿದ್ದು ನೀನಲ್ಲಮ್ಮ, ನಾನು.