ಗಿರಿವನದ ಕೊಳಗಳು: ಪಾವಾಗಢದ ಹಿನ್ನೆಲೆಯಲ್ಲಿ 'ಕರ್ಣಾಟಕ ಕಾದಂಬರಿ'ಯ ಒಂದು ಪ್ರಸಂಗ

ಹಳಗನ್ನಡ ಕಾವ್ಯಗಳನ್ನು ಪಾಠ ಹೇಳುವಾಗ ವರ್ಣನೆಯ ಭಾಗ ಬಂದೊಡನೆ ಅದನ್ನು ದಾಟಿ ಕಥೆಯ ಕಡೆಗೆ ಸಾಗುವುದು ನಮ್ಮ ತರಗತಿಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಅಷ್ಟಾದಶವರ್ಣನೆಗಳು ಕವಿಸಮಯಕ್ಕೆ ಅಧೀನವಾದವು, ಅವುಗಳಲ್ಲಿ ಕವಿಯ ಸ್ವಂತ ಕಾಣ್ಕೆ ಕಡಿಮೆ ಎಂಬ ಅಭಿಪ್ರಾಯವೇ ಈ ರೂಢಿಗೆ ಆಧಾರ. ಹೊರನಾಡಿನ ವಿದ್ಯಾರ್ಥಿಗಳಿಗೆ ನಾವೂ ಅನೇಕ ವರ್ಷ ಹೀಗೆಯೇ ಪಾಠ ಹೇಳಿದ್ದೇವೆ. ನಾಗವರ್ಮನ 'ಕರ್ಣಾಟಕ ಕಾದಂಬರಿ'ಯಲ್ಲಿ ಚಂದ್ರಾಪೀಡನು ಅಚ್ಛೋದ ಸರೋವರವನ್ನು ಕಂಡುಕೊಳ್ಳುವ ಪ್ರಸಂಗವನ್ನು 'ಸರೋವರವರ್ಣನೆ, ಬಾಣನ ಅನುಸರಣೆ' ಎಂದು ಎರಡು ಮಾತಿನಲ್ಲಿ ಮುಗಿಸಿ, ಮಹಾಶ್ವೇತೆಯ ವೃತ್ತಾಂತಕ್ಕೆ ಹೋಗುತ್ತಿದ್ದೆವು. ಅದು ತಪ್ಪೆಂದು ಈಗ ನಮಗೆ ಮನವರಿಕೆಯಾಗಿದೆ. ಆ ತಪ್ಪನ್ನು ತೋರಿಸಿಕೊಟ್ಟದ್ದು ಹೊಸದಾಗಿ ದೊರೆತ ಹಸ್ತಪ್ರತಿಯಲ್ಲ. ಗುಜರಾತಿನ ಪಾವಾಗಢ ಬೆಟ್ಟದ ಮೇಲಿರುವ ಕೆಲವು ಸಣ್ಣ ಕೊಳಗಳು.

ಕನ್ನಡ ಕಾವ್ಯದ ಚರ್ಚೆಗೆ ಗುಜರಾತಿನ ಬೆಟ್ಟವೇಕೆ ಎಂಬ ಪ್ರಶ್ನೆ ಸಹಜ. ದಕ್ಷಿಣ ಗುಜರಾತಿನ ಲಾಟ ದೇಶವನ್ನು ರಾಷ್ಟ್ರಕೂಟರ ಒಂದು ಶಾಖೆ ಆಳಿತ್ತು. ಆ ಶಾಖೆಯ ಕರ್ಕ ಸುವರ್ಣವರ್ಷನು ಕ್ರಿ.ಶ. 812ರಲ್ಲಿ ಕೊಟ್ಟ ತಾಮ್ರಶಾಸನದಲ್ಲಿ ಇಂದಿನ ವಡೋದರಾ ನಗರವು ವಟಪದ್ರಕವೆಂಬ ಗ್ರಾಮವಾಗಿ ಕಾಣಿಸಿಕೊಳ್ಳುತ್ತದೆ. ಸೂರತ್ತಿನಲ್ಲಿ ದೊರೆತ ಕ್ರಿ.ಶ. 821ರ ತಾಮ್ರಶಾಸನವು ನಾಗಸಾರಿಕೆಯ, ಎಂದರೆ ಇಂದಿನ ನವಸಾರಿಯ, ಜಿನಾಲಯಕ್ಕೆ ಸಂದ ದಾನವನ್ನು ಹೇಳುತ್ತದೆ. ಬಾಲಕನಾಗಿದ್ದ ಅಮೋಘವರ್ಷನಿಗೆ ಸಿಂಹಾಸನವನ್ನು ಉಳಿಸಿಕೊಟ್ಟವನು ಇದೇ ಕರ್ಕ. ಆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿಯೇ 'ಕವಿರಾಜಮಾರ್ಗ' ಹುಟ್ಟಿತು. ಕನ್ನಡನಾಡನ್ನು ಕಾವೇರಿ ಗೋದಾವರಿಗಳ ನಡುವೆ ಗುರುತಿಸಿದ ಆ ಗ್ರಂಥದ ಎಲ್ಲೆಯಿಂದ ಲಾಟ ಹೊರಗೇ ಉಳಿಯುತ್ತದೆ. ಆದರೂ ಆ ಗ್ರಂಥ ಹುಟ್ಟಿದ ರಾಜ್ಯದ ಕಥೆಯಿಂದ ಲಾಟವನ್ನು ಹೊರಗಿಡಲಾಗದು. ಕಾವ್ಯಕ್ಕೂ ಈ ಬೆಟ್ಟಕ್ಕೂ ನೇರ ಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ. ಇಲ್ಲಿ ನೆಲೆಸಿ ಕನ್ನಡ ಓದುವವರಿಗೆ ಹತ್ತಿರದಲ್ಲಿರುವ ಗಿರಿವನ ಇದು ಎಂಬಷ್ಟೇ ನಮ್ಮ ಮಾತು.

ಅಹಮದಾಬಾದ್, ವಡೋದರಾ, ಸೂರತ್ ಈ ಮೂರು ನಗರಗಳಲ್ಲಿಯೂ ಹೆಸರಾಂತ ಕೆರೆಗಳಿವೆ. ಸುಲ್ತಾನ್ ಕುತುಬುದ್ದೀನನ ಕಾಲದಲ್ಲಿ, 1451ರಲ್ಲಿ, ಪೂರ್ಣಗೊಂಡ ಕಾಂಕರಿಯಾ, ವಡೋದರಾದ ನಡುವಿನ ಸೂರಸಾಗರ, ಹದಿನಾರನೆಯ ಶತಮಾನದ ಆರಂಭದಲ್ಲಿ ಮಲಿಕ್ ಗೋಪಿ ಕಟ್ಟಿಸಿದ ಸೂರತ್ತಿನ ಗೋಪಿ ತಲಾವ್, ಇವೆಲ್ಲವೂ ಅಳತೆಗೆ ಒಳಪಟ್ಟ ಜಲಾಶಯಗಳು. ದಂಡೆಯಲ್ಲಿ ನಿಂತವನಿಗೆ ಕೆರೆ ಒಂದೇ ನೋಟಕ್ಕೆ ಪೂರ್ತಿಯಾಗಿ ದೊರೆಯುತ್ತದೆ. ಅದನ್ನು ಹುಡುಕುವ ಪ್ರಸಂಗವೇ ಬರುವುದಿಲ್ಲ. ಕಾವ್ಯದ ಜಲಕ್ರೀಡಾವರ್ಣನೆಗೆ ಇಂಥ ಕೆರೆ ತಕ್ಕುದು.

ಬೆಟ್ಟದ ಕೊಳದ ಸ್ವಭಾವ ಬೇರೆ. ವಡೋದರಾದಿಂದ ಸುಮಾರು 50 ಕಿಲೋಮೀಟರ್ ದೂರದ ಪಾವಾಗಢವು ಬಯಲಿನ ನಡುವೆ ಒಂಟಿಯಾಗಿ ಎದ್ದು ಸುಮಾರು 800 ಮೀಟರ್ ಎತ್ತರಕ್ಕೆ ನಿಂತಿದೆ. ಬುಡದ ಕಡೆ ಬಸಾಲ್ಟ್, ತುದಿಯ ಕಡೆ ರಯೋಲೈಟ್ ಶಿಲೆ. ಇಳಿಜಾರುಗಳಲ್ಲಿ ಎಲೆ ಉದುರಿಸುವ ಕಾಡು. ಬೆಟ್ಟವು ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. ನಡುನಡುವೆ ಸಿಗುವ ಸಮತಟ್ಟಿನ ಹಾಸುಗಳಲ್ಲಿ ಮಳೆನೀರು ನಿಂತು ಕೊಳಗಳಾಗಿವೆ. ತೇಲಿಯಾ, ದೂಧಿಯಾ, ಛಾಸಿಯಾ ಎಂದು ಅವುಗಳ ಹೆಸರು. ಎಣ್ಣೆ, ಹಾಲು, ಮಜ್ಜಿಗೆ ಎಂಬ ಮನೆಯ ಮಾತುಗಳಿಂದ ಆದ ಹೆಸರುಗಳಿವು. ನಮ್ಮ ಕಾರ್ಕಳ ಸೀಮೆಯ ಎಣ್ಣೆಹೊಳೆಯನ್ನು ಬಲ್ಲ ಓದುಗರಿಗೆ ಈ ಬಗೆ ಅಪರಿಚಿತವಲ್ಲ.

ಮಳೆಗಾಲ ಮುಗಿದ ಮೇಲೆ ಒಮ್ಮೆ ಇಬ್ಬರು ಸಂಶೋಧನ ವಿದ್ಯಾರ್ಥಿಗಳೊಂದಿಗೆ ನಾವು ಅಲ್ಲಿಗೆ ಹೋದೆವು. ಕಾಳಿಕಾಮಾತೆಯ ದರ್ಶನಕ್ಕೆ ಹೋಗುವವರಲ್ಲಿ ಬಹುಮಂದಿ ಮಾಚಿಯಿಂದ ರೋಪ್‌ವೇ ಹಿಡಿಯುತ್ತಾರೆ. ನಾವು ಕಾಲುದಾರಿಯನ್ನೇ ಹಿಡಿದು, ಯಾತ್ರಿಕರ ಮೆಟ್ಟಿಲುಗಳನ್ನು ಬಿಟ್ಟು ಪಕ್ಕದ ಕಾಡಿಗೆ ಇಳಿದೆವು. ಒಯ್ದ ನೀರು ತೀರಿತ್ತು. ಕೊಳವೊಂದು ಹತ್ತಿರದಲ್ಲಿದೆ ಎಂದು ದಾರಿಯ ಚಹಾದಂಗಡಿಯಾತ ಹೇಳಿದ್ದನಾದರೂ ಮರಗಳ ಮರೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಆಗ ವಿದ್ಯಾರ್ಥಿಗಳಲ್ಲೊಬ್ಬನು ನೆಲದ ಮೇಲೆ ಆಡುಗಳ ಹೆಜ್ಜೆಗಳನ್ನು ತೋರಿಸಿದ. ಇಳಿದುಹೋದ ಹೆಜ್ಜೆಗಳು ಒಣಗಿದ್ದವು. ಏರಿಬಂದ ಹೆಜ್ಜೆಗಳಲ್ಲಿ ಹಸಿಕೆಸರು ಇತ್ತು. ಆ ಜಾಡಿನಲ್ಲಿ ನಡೆದು ನಾವು ಕೊಳವನ್ನು ಮುಟ್ಟಿದೆವು. ಅಚ್ಛೋದದ ಪ್ರಸಂಗ ನಮಗೆ ನೆನಪಾದದ್ದು ಅಲ್ಲಿಯೇ.

ಆ ಪ್ರಸಂಗದ ಕ್ರಮವನ್ನು ಈಗ ಗಮನಿಸಬೇಕು. ಚಂದ್ರಾಪೀಡನು ಇಂದ್ರಾಯುಧವೆಂಬ ಕುದುರೆಯನ್ನೇರಿ ಕಿನ್ನರಮಿಥುನವನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಸೇನೆ ಹಿಂದುಳಿಯುತ್ತದೆ, ಕಿನ್ನರರು ಗಿರಿಶಿಖರವನ್ನು ಏರಿ ಮರೆಯಾಗುತ್ತಾರೆ. ತನ್ನ ಅವಿವೇಕಕ್ಕೆ ತಾನೇ ನಗುವ ರಾಜಕುಮಾರನಿಗೆ ಉಳಿದದ್ದು ದಣಿದ ಕುದುರೆ ಮತ್ತು ಬಾಯಾರಿಕೆ. ಆಗ ಅವನು ನೀರನ್ನು ಹುಡುಕುತ್ತಾನೆ. ಮಿಂದು ಮರಳಿದ ಕಾಡಾನೆಗಳ ಕೆಸರುಗಾಲಿನ ಜಾಡು ಅವನ ಕಣ್ಣಿಗೆ ಬೀಳುತ್ತದೆ. ಆ ಜಾಡೇ ಅವನನ್ನು ಮರಗಳ ಗುಂಪೊಂದರ ಬಳಿಗೆ, ಅದರ ನಡುವಿನ ಸರೋವರಕ್ಕೆ ಒಯ್ಯುತ್ತದೆ. ಕುದುರೆಗೆ ನೀರು ಕಾಣಿಸಿದ ಬಳಿಕ ವೀಣೆಯ ನಾದ ಕೇಳಿ, ಶಿವಾಲಯದಲ್ಲಿ ಮಹಾಶ್ವೇತೆಯನ್ನು ಅವನು ಕಾಣುತ್ತಾನೆ. ಹೀಗೆ ಸರೋವರವು ಮೊದಲು ಕುರುಹುಗಳಾಗಿ ಒದಗುತ್ತದೆ, ವರ್ಣನೆ ಆಮೇಲಿನದು. ವರ್ಣನೆಯ ಉತ್ಸಾಹವೆಲ್ಲ ಬಾಯಾರಿದವನು ನೀರನ್ನು ಕಂಡ ಉತ್ಸಾಹ. ಹುಡುಕಾಟವನ್ನು ಬಿಟ್ಟು ವರ್ಣನೆಯನ್ನಷ್ಟೇ ಓದಿದರೆ ಅದು ಅಲಂಕಾರಗಳ ರಾಶಿಯಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಇದು ಕಾವ್ಯದಲ್ಲಿ ಒಂದು ಸಲ ಬಂದುಹೋಗುವ ಸನ್ನಿವೇಶವೂ ಅಲ್ಲ. ಕಥೆಯ ಆರಂಭದಲ್ಲಿಯೇ ವಿಂಧ್ಯಾಟವಿಯ ಪಂಪಾಸರೋವರದ ಬಳಿ, ಬೇಡನ ಕೈಯಲ್ಲಿ ತಂದೆಯನ್ನು ಕಳೆದುಕೊಂಡ ಗಿಳಿಮರಿಯೊಂದು ಬಾಯಾರಿ ತೆವಳುತ್ತದೆ. ಹಕ್ಕಿಗಳ ಕೂಗು ಕ್ಷೀಣವಾಗಿ ಕೇಳುವುದರಿಂದ ನೀರು ಇನ್ನೂ ದೂರವಿದೆಯೆಂದು ಅದು ಊಹಿಸುತ್ತದೆ. ಮುನಿಕುಮಾರ ಹಾರೀತನು ಅದನ್ನು ಎತ್ತಿ ನೀರುಣಿಸದಿದ್ದರೆ ಕಥೆ ಹೇಳುವವರೇ ಇರುತ್ತಿರಲಿಲ್ಲ. ಒಂದು ಬಾಯಾರಿಕೆಯಿಂದ ಕಥೆಗೆ ನಿರೂಪಕ ಉಳಿಯುತ್ತಾನೆ, ಇನ್ನೊಂದರಿಂದ ನಾಯಕನಿಗೆ ಮಹಾಶ್ವೇತೆ, ಅವಳ ಮೂಲಕ ಕಾದಂಬರಿ, ದೊರೆಯುತ್ತಾರೆ. ಕೊಳವು ಇಲ್ಲಿ ಕಥೆಯ ಹಿನ್ನೆಲೆಯಾಗಿ ಉಳಿಯದೆ ಕಥೆಯನ್ನೇ ನಡೆಸುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಇದು ಬಾಣನ ಕಲ್ಪನೆ, ನಾಗವರ್ಮನದಲ್ಲ ಎಂಬುದು ಒಂದು. ನಿಜ. ಆದರೆ ಸಂಸ್ಕೃತದ ದೀರ್ಘ ಗದ್ಯವನ್ನು ಕನ್ನಡದ ಚಂಪುವಾಗಿ ಸಂಗ್ರಹಿಸುವ ಕವಿ ಪ್ರತಿ ಹೆಜ್ಜೆಯಲ್ಲೂ ಆಯ್ಕೆ ಮಾಡಬೇಕಾಗುತ್ತದೆ. ಆದುದರಿಂದ ಅವನು ಉಳಿಸಿಕೊಂಡದ್ದೂ ಅವನ ವಿಮರ್ಶೆಯೇ. ಇದೆಲ್ಲ ಸಂಪ್ರದಾಯದ ಪಾಲನೆ ಎಂಬುದು ಇನ್ನೊಂದು ಆಕ್ಷೇಪ. 'ಕವಿರಾಜಮಾರ್ಗ'ಕ್ಕೆ ಮೂಲಾಧಾರವಾದ ದಂಡಿಯ 'ಕಾವ್ಯಾದರ್ಶ'ವು ಮಹಾಕಾವ್ಯದ ವರ್ಣನಾಂಗಗಳಲ್ಲಿ ಪರ್ವತವನ್ನು ಹೇಳುತ್ತದೆ, ಉದ್ಯಾನವನ್ನೂ ಜಲಕ್ರೀಡೆಯನ್ನೂ ಹೇಳುತ್ತದೆ. ಬೆಟ್ಟದಲ್ಲಿ ಕೊಳವನ್ನು ಹುಡುಕುವುದನ್ನು ಹೇಳುವುದಿಲ್ಲ. ಪಟ್ಟಿಯಲ್ಲಿ ಇಲ್ಲದುದನ್ನು ಪಟ್ಟಿಯ ಪಾಲನೆಯೆಂದು ಕರೆಯಲಾಗದು.

ಕುರುಹುಗಳಿಂದ ನೀರನ್ನು ಅರಿಯುವುದು ನಮ್ಮ ಪೂರ್ವಿಕರಿಗೆ ಶಾಸ್ತ್ರವೂ ಆಗಿತ್ತು. ನಾಗವರ್ಮನ ಮುಂದಿನ ತಲೆಮಾರಿನಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ವು ನೆಲದೊಳಗಿನ ನೀರನ್ನು ಲಕ್ಷಣಗಳಿಂದ ಗುರುತಿಸುವ ಬಗೆಯನ್ನು ವಿವರಿಸುತ್ತದೆ. ಅದು ಬಾವಿ ತೋಡುವವನ ಶಾಸ್ತ್ರ, ಇದು ದಾರಿ ತಪ್ಪಿದವನ ಕಥೆ. ಎರಡರಲ್ಲಿಯೂ ನೋಟದ ಶಿಸ್ತು ಒಂದೇ. ಕಾವ್ಯವನ್ನು ಒಂದು ಕಪಾಟಿನಲ್ಲಿ, ಶಾಸ್ತ್ರವನ್ನು ಇನ್ನೊಂದು ಕಪಾಟಿನಲ್ಲಿ ಇಟ್ಟ ನಮ್ಮ ಅಧ್ಯಯನಕ್ರಮವು ಈ ಸಾಮ್ಯವನ್ನು ಮರೆಮಾಡಿದೆ.

ಬೆಟ್ಟದ ನೀರಿಗೆ ಇನ್ನೊಂದು ಅರ್ಥವೂ ಉಂಟು. ರನ್ನನ 'ಗದಾಯುದ್ಧ'ದಲ್ಲಿ ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನಿಗೆ ಕೊನೆಯ ಆಶ್ರಯ ವೈಶಂಪಾಯನ ಸರೋವರ. ಪಾವಾಗಢದ ಚೌಹಾಣ ಅರಸರಿಗೂ ನೀರು ಆಶ್ರಯವಾಗಿತ್ತು. ಮಹಮೂದ್ ಬೇಗಡಾನ ದೀರ್ಘ ಮುತ್ತಿಗೆಯ ಬಳಿಕ 1484ರಲ್ಲಿ ಕೋಟೆ ಬಿದ್ದಿತು. ಅದುವರೆಗೆ ಒಳಗಿದ್ದವರ ಜೀವ ಹಿಡಿದದ್ದು ಸಂಗ್ರಹಿಸಿಟ್ಟ ಮಳೆನೀರೇ ಆಗಿರಬೇಕು. ಚಿತ್ರದುರ್ಗದ ಅಕ್ಕತಂಗಿ ಹೊಂಡವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೋಟೆಗೂ ಮುಂಚಿನದು ಛಾಸಿಯಾ ಕೊಳದ ಬಳಿಯ ಲಕುಲೀಶ ದೇವಾಲಯ. ಹತ್ತು ಹನ್ನೊಂದನೆಯ ಶತಮಾನದ್ದೆಂದು ಹೇಳಲಾಗುವ ಅದು ನಾಗವರ್ಮನ ಕಾಲಕ್ಕೆ ಸಮೀಪದ್ದು. ಕಾಡು, ಕೊಳ, ದಂಡೆಯಲ್ಲೊಂದು ಶಿವಾಲಯ: ಅಚ್ಛೋದದ ತೀರದಲ್ಲಿ ಕವಿ ಇಟ್ಟ ಕ್ರಮ ಇದೇ. ಬೆಟ್ಟದಲ್ಲಿ ನೀರು ದೊರೆತೆಡೆಯಲ್ಲಿ ಜನ ಏನು ಮಾಡುತ್ತಿದ್ದರೆಂಬುದನ್ನು ಬಲ್ಲ ಕವಿ ಇದನ್ನು ಬರೆದಿದ್ದಾನೆ.

ಪಾವಾಗಢದಲ್ಲಿ ಹುಟ್ಟುವ ವಿಶ್ವಾಮಿತ್ರಿ ನದಿ ವಡೋದರಾದ ನಡುವೆ ಹರಿಯುತ್ತದೆ. 2024ರ ಆಗಸ್ಟ್‌ನಲ್ಲಿ ಅದು ಉಕ್ಕಿ ನಗರದ ಬೀದಿಗಳನ್ನು ಮುಳುಗಿಸಿತು. ಬೆಟ್ಟದ ತಪ್ಪಲಿನ ಚಾಂಪಾನೇರ್ ಸಹಿತ ಈ ಪ್ರದೇಶವನ್ನು 2004ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ. ಆದರೂ ನಾವು ಮುಟ್ಟಿದ ಕೊಳದ ಅಂಚಿನಲ್ಲಿ ಪ್ಲಾಸ್ಟಿಕ್ ಬಾಟಲಿಗಳು ತೇಲುತ್ತಿದ್ದವು. ನೀರು ಕುಡಿಯುವ ಸ್ಥಿತಿಯಲ್ಲಿರಲಿಲ್ಲ, ಬಾಯಾರಿಕೆಯಲ್ಲಿಯೇ ಹಿಂದಿರುಗಿದೆವು. ನೀರಿಗೆ ದಾರಿ ತೋರುವ ಕುರುಹುಗಳು ಇನ್ನೂ ಉಳಿದಿವೆ, ದಾರಿಯ ಕೊನೆಯ ನೀರು ಹಾಗೆ ಉಳಿದಿಲ್ಲ. ಮುಂದಿನ ಓದುಗನಿಗೆ ಅಚ್ಛೋದ, ಎಂದರೆ ತಿಳಿನೀರು, ಎಂಬ ಹೆಸರೇ ಬರಿಯ ಕವಿಸಮಯವಾಗಿ ಕಂಡರೆ ಆ ದೋಷ ಕವಿಯದಾಗಲಾರದು.

ಹೊರನಾಡಿನಲ್ಲಿ ಕನ್ನಡ ಓದುವ ನಮಗೆ ಮಲೆನಾಡೂ ಇಲ್ಲ, ಹಂಪೆಯ ಪರಿಸರವೂ ಇಲ್ಲ. ಕಾವ್ಯದ ನಿಸರ್ಗ ನಮ್ಮ ವಿದ್ಯಾರ್ಥಿಗಳಿಗೆ ಅರ್ಥಕೋಶದ ಪದಗಳಾಗಿಯೇ ಉಳಿಯುತ್ತದೆ ಎಂಬ ಕೊರಗು ಹಳೆಯದು. ಆದರೆ ನೆಲದ ಕುರುಹನ್ನು ಓದುವ ಅಭ್ಯಾಸವನ್ನು ಯಾವ ನಾಡಿನ ಬೆಟ್ಟದಲ್ಲಿಯೂ ಪಡೆಯಬಹುದು. ಈ ವರ್ಷ ಆ ಪ್ರಸಂಗವನ್ನು ಪಾಠ ಹೇಳುವಾಗ ನಾವು ಆನೆಯ ಜಾಡಿನಿಂದ ಆರಂಭಿಸಿದೆವು. ಸರೋವರವರ್ಣನೆಗೆ ಬರುವ ಹೊತ್ತಿಗೆ ಗಂಟೆ ಮುಗಿದಿತ್ತು. ಅದನ್ನು ಬಿಟ್ಟು ಮುಂದೆ ಹೋಗೋಣವೆಂದು ಯಾವ ವಿದ್ಯಾರ್ಥಿಯೂ ಹೇಳಲಿಲ್ಲ.