ತಿರುಳು ಬಿಟ್ಟು ಕಾಗುಣಿತ ಹಿಡಿದವರು

'ಮಳಿ ಕೈ ಕೊಟ್ಟೈತಿ, ಹೆಸರು ಹೊಲದಾಗ ಒಣಗಾಕ ಹತ್ತೈತಿ, ವಿಮಾದ ರೊಕ್ಕ ಯಾವಾಗ ಬರತೈತಿ?' ಗದಗ ಸೀಮೆಯ ಸೊರಟೂರ ಕಡೆಯ ರೈತನೊಬ್ಬ ಮೊಬೈಲಿನಲ್ಲಿ ಹೀಗೆ ಬರೆದ ಅಂದುಕೊಳ್ಳಿ. ಅದಕ್ಕೆ ಬರುವ ಮೊದಲ ಉತ್ತರ ವಿಮೆಯ ಬಗ್ಗೆ ಇರುವುದಿಲ್ಲ. 'ಅದು ಮಳಿ ಅಲ್ಲ, ಮಳೆ. ಮೊದಲು ಕನ್ನಡ ಕಲಿಯಿರಿ' ಎಂದಿರುತ್ತದೆ. ನಾಲ್ಕು ಮಂದಿ ನಗುತ್ತಾರೆ. ರೈತ ಮತ್ತೆ ಬರೆಯುವುದಿಲ್ಲ. ವಿಮೆಯ ಪ್ರಶ್ನೆ ಇದ್ದಲ್ಲೇ ಇರುತ್ತದೆ.

ವಾದಕ್ಕಿಳಿದಾಗ ಎದುರಿನವರ ವ್ಯಾಕರಣ ಹಿಡಿದು ಜಗ್ಗುವ ಈ ಚಾಳಿಯನ್ನು ಹಲವರು ಭಾಷಾಭಿಮಾನ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇದು ವಾದವಾಗಿಯೂ ಪೊಳ್ಳು, ಕನ್ನಡದ ತಿಳಿವಳಿಕೆಯಾಗಿಯೂ ಪೊಳ್ಳು.

ವಾದದ ಮಾತು ಬೇಗ ಮುಗಿಯುತ್ತದೆ. ನಮ್ಮ ನ್ಯಾಯಶಾಸ್ತ್ರ ಬಹಳ ಹಿಂದೆಯೇ ಇಂಥದ್ದಕ್ಕೆ 'ಛಲ' ಎಂದು ಹೆಸರಿಟ್ಟಿದೆ. 'ನವಕಂಬಲ' ಎಂದರೆ ಹೊಸ ಕಂಬಳಿ ಉಳ್ಳವನು. ಆದರೆ 'ನವ' ಎಂದರೆ ಒಂಬತ್ತು ಎಂದೂ ಆಗುತ್ತದೆ. 'ಇವನ ಹತ್ತಿರ ಒಂಬತ್ತು ಕಂಬಳಿ ಎಲ್ಲಿವೆ?' ಎಂದು ಎದುರಾಳಿ ಕೇಳಿದರೆ ಅದು ವಾಕ್ಛಲ. ಆಡಿದವನ ಅಭಿಪ್ರಾಯ ಗೊತ್ತಿದ್ದೂ ಪದಕ್ಕೆ ಜೋತುಬೀಳುವುದು. ಶಾಸ್ತ್ರದ ಪ್ರಕಾರ ಇದು ಗೆಲುವಲ್ಲ, ದೋಷ. 'ಮಳಿ' ಎಂದರೆ ಏನೆಂದು ತಿದ್ದಿದವನಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ತಿದ್ದುವುದಾದರೂ ಹೇಗೆ?

ಕನ್ನಡದ ಮಾತು ಇಷ್ಟು ಬೇಗ ಮುಗಿಯುವುದಿಲ್ಲ.

ತಿದ್ದಿದವನು ಶುದ್ಧವೆಂದು ಎತ್ತಿ ಹಿಡಿದ 'ಮಳೆ'ಯನ್ನೇ ನೋಡಿ. ಹಳಗನ್ನಡದಲ್ಲಿ ಆ ಪದ 'ಮೞೆ'. ಆ ೞ ಅಕ್ಷರದ ಉಚ್ಚಾರ ಕಾಲಕ್ರಮದಲ್ಲಿ ಜನರ ಬಾಯಲ್ಲಿ ಅಳಿಯಿತು, ಆಮೇಲೆ ಬರಹದಿಂದಲೂ ಹೋಯಿತು. 13ನೇ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದ ಕೇಶಿರಾಜ ೞ ಇರುವ ಪದಗಳನ್ನು ಪಟ್ಟಿ ಮಾಡಿಯೇ ಕೊಡಬೇಕಾಯಿತು. ಅವನ ಮುಂದೆ ಇಂದಿನ 'ಮಳೆ'ಯನ್ನು ಇಟ್ಟರೆ ಅದೇ ತಪ್ಪು. ಹಾಲು, ಹೂವು, ಹುಲಿಗಳ ಕತೆಯೂ ಇದೇ. ಅವು ಒಂದು ಕಾಲಕ್ಕೆ ಪಾಲ್, ಪೂ, ಪುಲಿ ಆಗಿದ್ದವು. ಪ ಸವೆದು ಹ ಆಯಿತು. ದಕ್ಷಿಣದ ಹಳ್ಳಿಗಳಲ್ಲಿ ಆ ಹ ಇನ್ನೂ ಸವೆದು 'ಆಲು' ಎಂದು ಕೇಳಿಸಿದರೆ, ಒಂದು ಮೆಟ್ಟಿಲು ಮೇಲೆ ನಿಂತವರು ನಗುತ್ತಾರೆ. ಹಾಗೆ ನಗುವುದರಲ್ಲಿ ನಮ್ಮ ಗದಗ ಸೀಮೆಯವರೂ ಹಿಂದೆ ಬಿದ್ದಿಲ್ಲ, ಅದನ್ನೂ ಹೇಳಬೇಕು. ನಮ್ಮ 'ಮಳಿ'ಗೆ ಅವರು ನಗುವುದು ತಪ್ಪಾದರೆ, ಅವರ 'ಆಲು'ವಿಗೆ ನಾವು ನಗುವುದೂ ತಪ್ಪೇ.

'ಮಳಿ' ಬಾಯಿ ತಪ್ಪಿ ಬಂದದ್ದಲ್ಲ, ಅದಕ್ಕೊಂದು ಕಟ್ಟಳೆ ಇದೆ. ಮಳೆ, ಮನೆ, ಬೆಳೆ, ಕೆರೆ, ಈ ಹೆಸರುಗಳ ಕೊನೆಯ ಎಕಾರ ನಮ್ಮಲ್ಲಿ ಇಕಾರವಾಗಿ ಮಳಿ, ಮನಿ, ಬೆಳಿ, ಕೆರಿ ಎನಿಸುತ್ತದೆ. ಆದರೆ 'ಹೊಲಕ್ಕೆ' ಎಂಬುದು 'ಹೊಲಕ್ಕ' ಆಗುತ್ತದೆಯೇ ಹೊರತು 'ಹೊಲಕ್ಕಿ' ಆಗುವುದಿಲ್ಲ. ಎಲ್ಲಿ ಇ ಬರಬೇಕು, ಎಲ್ಲಿ ಅ ಬರಬೇಕು ಎಂಬುದು ಸೊರಟೂರಿನ ಮೂರು ವರ್ಷದ ಕೂಸಿಗೂ ಗೊತ್ತು, ಯಾರೂ ಹೇಳಿಕೊಡದೆ ಗೊತ್ತು. 'ಬಂದ' ಎಂಬುದು ಬೇರೆ, 'ಬಂದಾನ' ಎಂಬುದು ಬೇರೆ. ಬಂದು ಇಲ್ಲೇ ಇದ್ದಾನೆ ಎಂಬುದನ್ನು ನಮ್ಮವರು ಮೂರಕ್ಷರದಲ್ಲಿ ಹೇಳುತ್ತಾರೆ. ಪುಸ್ತಕದ ಕನ್ನಡಕ್ಕೆ ಅದೇ ಮಾತಿಗೆ 'ಬಂದಿದ್ದಾನೆ' ಬೇಕು. ಇಷ್ಟು ನೇಮವುಳ್ಳ ನುಡಿಗೆ ವ್ಯಾಕರಣವಿಲ್ಲ ಎನ್ನುವವರು ವ್ಯಾಕರಣವನ್ನೇ ತಿಳಿದವರಲ್ಲ.

ಈ ನೆಲದ ಸಂಗತಿಯೇ ಇನ್ನೊಂದಿದೆ. 9ನೇ ಶತಮಾನದ 'ಕವಿರಾಜಮಾರ್ಗ' ತಿರುಳ್ಗನ್ನಡದ ನಾಡನ್ನು ನಾಲ್ಕು ಊರುಗಳಿಂದ ಗುರುತಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಕಿಸುವೊಳಲು ಇಂದಿನ ಪಟ್ಟದಕಲ್ಲು, ಕೊಪಣ ಇಂದಿನ ಕೊಪ್ಪಳ. ಪುಲಿಗೆರೆ ನಮ್ಮ ಲಕ್ಷ್ಮೇಶ್ವರ, ಸೊರಟೂರಿನಿಂದ ದೂರವೇನಲ್ಲ. ಮುಂದಿನ ಶತಮಾನದಲ್ಲಿ ಪಂಪ ತನ್ನ 'ವಿಕ್ರಮಾರ್ಜುನ ವಿಜಯ'ವನ್ನು ಈ ಪುಲಿಗೆರೆಯ ತಿರುಳ್ಗನ್ನಡದಲ್ಲೇ ಬರೆದೆನೆಂದು ಹೇಳಿಕೊಂಡ. ಆದ್ದರಿಂದ ಇಂದಿನ ನಮ್ಮ ಮಾತೇ ಮೇಲು ಎಂದು ಎದೆ ತಟ್ಟಿಕೊಳ್ಳಬೇಕಿಲ್ಲ. ಪಂಪನ ಕನ್ನಡ ಇವತ್ತು ಯಾರ ಮನೆಯಲ್ಲೂ ಇಲ್ಲ. ನಾನು ಹೇಳುವುದು ಇಷ್ಟೇ: 'ಸರಿಯಾದ ಕನ್ನಡ'ದ ಪೀಠ ಒಂದೇ ಊರಿನಲ್ಲಿ ನಿಂತದ್ದಲ್ಲ. ಅರಮನೆ, ಅಚ್ಚುಕೂಟ, ಶಾಲೆ ಎಲ್ಲಿ ಬಲವಾದವೋ ಅಲ್ಲಿಗೆ ಅದು ಸರಿದಿದೆ. ಒಂದು ಕಾಲಕ್ಕೆ ತಿರುಳು ಎನಿಸಿಕೊಂಡ ಸೀಮೆಯ ಮಾತು ಇವತ್ತು 'ಒರಟು' ಎನಿಸಿಕೊಳ್ಳುತ್ತಿದೆ.

ಕವಿರಾಜಮಾರ್ಗಕಾರ ಕಾವ್ಯದ ದೋಷಗಳನ್ನು ನಿಷ್ಠುರವಾಗಿಯೇ ಎಣಿಸುತ್ತಾನೆ. ಆದರೆ ನಾಡಿನ ಬಗೆಬಗೆಯ ನುಡಿಗಳ ಮಾತು ಬಂದಾಗ, ಅವನ್ನೆಲ್ಲ ಅರಿಯಹೋದರೆ ಸರ್ಪರಾಜ ವಾಸುಕಿಯೂ ಬೇಸತ್ತಾನು ಎನ್ನುತ್ತಾನೆ. ಕನ್ನಡದ ಜನ ಓದದೆಯೂ ಕಾವ್ಯ ಬಲ್ಲವರು ಎಂದು ಹೊಗಳುತ್ತಾನೆ. ದೋಷ ಹುಡುಕುವುದು ಅವನಿಗೆ ಬರೆಯುವವರನ್ನು ಪಳಗಿಸುವ ಕೆಲಸವಾಗಿತ್ತು. ಆಡುವವರ ಬಾಯಿ ಮುಚ್ಚಿಸಲು ಅವನು ಅದನ್ನು ಬಳಸಲಿಲ್ಲ.

ಈ ಚಾಳಿಯ ಇನ್ನೊಂದು ಮುಖ ಅಚ್ಚಗನ್ನಡದ ಹಠ. ಸಂಸ್ಕೃತ ಪದ ಬಳಸಿದಿರಿ, ಮಹಾಪ್ರಾಣ ಬರೆದಿರಿ ಎಂದು ವಿಷಯವನ್ನೇ ಬದಿಗೆ ತಳ್ಳುವವರು ಇಂದು ಕಡಿಮೆಯಿಲ್ಲ. ಸೊರಟೂರಿಗೆ ಹತ್ತಿರದ ಮುಳಗುಂದದ ನಯಸೇನ 1112ರ 'ಧರ್ಮಾಮೃತ'ದಲ್ಲಿ, ಕನ್ನಡಕ್ಕೆ ಸಂಸ್ಕೃತವನ್ನು ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಆಕ್ಷೇಪಿಸಿದ್ದ. ಆದರೆ ಆಕ್ಷೇಪಿಸಿ ಸುಮ್ಮನಾಗಲಿಲ್ಲ, ಮಂದಿಗೆ ತಿಳಿಯುವಂತೆ ಕತೆ ಹೇಳಿ ತೋರಿಸಿದ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದ್ದು, ಮಹಾಪ್ರಾಣಗಳನ್ನು ಬಿಡೋಣ ಎಂದದ್ದು, ಓದುಬರಹ ಎಲ್ಲರಿಗೂ ಸುಲಭವಾಗಲಿ ಎಂದು. ಅವರ ವಿಚಾರವನ್ನು ಒಪ್ಪಬಹುದು, ಬಿಡಬಹುದು. ಅದನ್ನೇ ಬಡಿಗೆ ಮಾಡಿಕೊಂಡು ಇನ್ನೊಬ್ಬರ ಬಾಯಿಗೆ ಬಡಿಯುವುದು ಅವರ ವಿಚಾರಕ್ಕೇ ಮಾಡುವ ಅನ್ಯಾಯ.

ಹಾಗಾದರೆ ತಿದ್ದಲೇಬಾರದೇ? ತಿದ್ದಬೇಕು. ಪಠ್ಯಪುಸ್ತಕ, ಕಾನೂನಿನ ಕಾಗದ, ಔಷಧದ ಚೀಟಿ, ಪತ್ರಿಕೆಯ ಕರಡು, ಇವುಗಳಲ್ಲಿ ಒಂದಕ್ಷರದ ತಪ್ಪನ್ನೂ ಬಿಡಬಾರದು. ದನ ಎಂದರೆ ಎತ್ತು-ಆಕಳು, ಧನ ಎಂದರೆ ರೊಕ್ಕ. ಈ ಭೇದ ಮಕ್ಕಳಿಗೆ ಕಲಿಸಲೇಬೇಕು. ಒಳ್ಳೆಯ ಮಾಸ್ತರರು ಪಾಟಿಯ ಮೇಲೆ ತಿದ್ದಿಸುವುದು ಹುಡುಗ ಮುಂದೆ ಇನ್ನಷ್ಟು ಬರೆಯಲಿ ಎಂದು. ವಾದದಲ್ಲಿ ತಿದ್ದುವವನಿಗೆ ಎದುರಿನವನು ಬರೆಯುವುದನ್ನೇ ನಿಲ್ಲಿಸಬೇಕಾಗಿರುತ್ತದೆ. ನಷ್ಟ ಆ ಒಬ್ಬನದಷ್ಟೇ ಅಲ್ಲ. ಹೊಲ, ಬೀಜ, ಸಾಲ, ನೀರಿನ ಬಗ್ಗೆ ಕಂಡುಂಡು ಬಲ್ಲವರು ಬರೆಯುವುದನ್ನು ಬಿಟ್ಟರೆ, ಅವುಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಉಳಿಯುವವರು ಹೊಲವನ್ನೇ ಕಾಣದವರು.

ಇನ್ನು ಮುಂದೆ ಯಾರಾದರೂ 'ಮಳಿ' ಎಂದು ಬರೆದದ್ದು ಕಂಡರೆ, ದಯವಿಟ್ಟು ಮೊದಲು ಮಳೆಯ ಬಗ್ಗೆ, ಬೆಳೆಯ ಬಗ್ಗೆ, ವಿಮೆಯ ಬಗ್ಗೆ ನಿಮಗೆ ಗೊತ್ತಿರುವುದನ್ನು ಅವರಿಗೆ ತಿಳಿಸಿ.